ಪ್ರಿಂಟರು ‘ಆಫ್‌ಲೈನ್’ ಎಂದಾಗ

ನಾಳೆ ಬೆಳಿಗ್ಗೆ ಒಪ್ಪಿಸಬೇಕಾದ ಅರ್ಜಿ. ಪ್ರಿಂಟರಿನ ದೀಪ ಉರಿಯುತ್ತಿದೆ, ಕಾಗದವೂ ಇದೆ, ಆದರೂ ಕಂಪ್ಯೂಟರು ‘ಆಫ್‌ಲೈನ್’ ಎನ್ನುತ್ತದೆ. ರಿಪೇರಿಗೆ ಹಣ ತೆರುವ ಮೊದಲು ವಾಚಕ ಬಂಧುಗಳು ಇದನ್ನು ತಿಳಿದಿರಬೇಕು: ಯಂತ್ರ ನೆಟ್ಟಗಿದ್ದು ವಿಳಾಸ ಮಾತ್ರ ತಪ್ಪಿರುವುದು ಅನೇಕ ಸಲ ಉಂಟು.

ರೂಟರು ಮನೆಯ ಪ್ರತಿಯೊಂದು ಯಂತ್ರಕ್ಕೂ 192.168.1.7 ಎಂಬಂತಹ ವಿಳಾಸ ಕೊಡುತ್ತದೆ. ಕರೆಂಟು ಹೋಗಿ ಬಂದಾಗ ಅದು ಬದಲಾಗಬಹುದು. ಬಾಡಿಗೆದಾರ ಖೋಲಿ ಬಿಟ್ಟ ಮೇಲೂ ಟಪಾಲು ಹಳೆಯ ಬಾಗಿಲಿಗೇ ಬರುವಂತೆ, ಕಂಪ್ಯೂಟರು ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ.

ಕ್ರಮವಾಗಿ ಹೀಗೆ ಮಾಡಿರಿ:

1. ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಹಾಳೆ ತೆಗೆಯಿರಿ. ವಿಳಾಸ 169.254 ಎಂದು ಆರಂಭವಾದರೆ ರೂಟರಿನಿಂದ ವಿಳಾಸ ದೊರೆತಿಲ್ಲ. ಪಾಸ್‌ವರ್ಡು ಕೊಟ್ಟು ಮತ್ತೆ ವೈ-ಫೈಗೆ ಸೇರಿಸಿರಿ. ಅನೇಕ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ.

2. ಎರಡೂ ಯಂತ್ರಗಳು ಒಂದೇ ರೂಟರಿನಲ್ಲಿವೆಯೇ ನೋಡಿರಿ. ಒಂದು ಅತಿಥಿ ವೈ-ಫೈಯಲ್ಲಿದ್ದರೆ ಸಾಮಾನ್ಯವಾಗಿ ಒಂದಕ್ಕೊಂದು ಕಾಣವು.

3. ಸಾಲಿನಲ್ಲಿ ಸಿಕ್ಕಿಕೊಂಡ ಹಳೆಯ ಕೆಲಸಗಳನ್ನು ಅಳಿಸಿರಿ.

4. ಆಗಲೂ ಬಾರದಿದ್ದರೆ, ಕಂಪ್ಯೂಟರಿನಿಂದ ಪ್ರಿಂಟರನ್ನು ತೆಗೆದು, ಹಾಳೆಯಲ್ಲಿರುವ ವಿಳಾಸದಿಂದ ಹೊಸದಾಗಿ ಸೇರಿಸಿರಿ.

ಬಳಿಕ ರೂಟರಿನ ಸೆಟ್ಟಿಂಗಿನಲ್ಲಿ ಆ ವಿಳಾಸವನ್ನು ಪ್ರಿಂಟರಿಗೇ ಕಾಯ್ದಿರಿಸಿದರೆ ಈ ತೊಂದರೆ ಮರುಕಳಿಸದು. ತೀರ ಅವಸರವಿದ್ದರೆ ಯುಎಸ್‌ಬಿ ತಂತಿ ಹಚ್ಚಿ ಮೊದಲು ಅರ್ಜಿ ತೆಗೆದುಕೊಳ್ಳಿರಿ. ಉಳಿದುದನ್ನು ಭಾನುವಾರ ನೋಡಿದರಾಯಿತು.