ನರದ ಗಾಯವೂ ಮಾಯದ ನೋವೂ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬನು ಮೊಗ್ರಾಲಿನ ಗುಡ್ಡದಲ್ಲಿ ಗೇರುಮರದಿಂದ ಬಿದ್ದು ತೋಳು ಮುರಿದುಕೊಂಡನು. ಎಲುಬು ಕೂಡಿತು, ಗಾಯ ಮಾಯಿತು. ಆದರೂ ಅಂಗಿಯ ತೋಳು ತಾಗಿದರೆ ಸಾಕು, ಕೆಂಡ ಸೋಕಿದಂತೆ ನರಳುತ್ತಿದ್ದನು. ಡ್ರಿಲ್ಲು ತಪ್ಪಿಸಿಕೊಳ್ಳಲು ಹೂಡಿದ ನೆವವೆಂದು ತಿಳಿದು ನಾವು ಅವನನ್ನು ಗದರಿಸಿದೆವು. ಎಲುಬಿನೊಡನೆ ನರಕ್ಕೂ ಪೆಟ್ಟಾಗಿತ್ತೆಂದು ವೈದ್ಯರಿಂದ ಅನಂತರ ತಿಳಿಯಿತು. ಸರ್ಪಸುತ್ತು ವಾಸಿಯಾದ ಮೇಲೂ ಕೆಲವು ಅಜ್ಜಿಯರು ಸೆರಗು ತಗುಲಿದರೆ ಉರಿಯೆನ್ನುವರಷ್ಟೆ; ಅದೂ ನರದ ನೋವೇ.

ಮಾಯಿದ ಗಾಯವು ನೋಯುವುದೇಕೆ? ಉತ್ತರದ ಒಂದು ಭಾಗವು ಬೆನ್ನುಹುರಿಯಲ್ಲಿದೆ. ನೋವಿನ ಸುದ್ದಿಯು ಬೆನ್ನುಹುರಿಯನ್ನು ಹೊಕ್ಕು, ಅಲ್ಲಿಂದ ಮೆದುಳಿಗೇರುತ್ತದೆ. ಮೃದುವಾದ ಸ್ಪರ್ಶವು ಈ ನೋವಿನ ದಾರಿಗೆ ನುಗ್ಗದಂತೆ ಅಲ್ಲೊಂದು ತಡೆಯುಂಟು. ಉಪ್ಪುನೀರು ಗದ್ದೆಗೇರದಂತೆ ಹೊಳೆಗೆ ಹಾಕುವ ಕಟ್ಟದ ಹಾಗೆ.

ಇನ್ನು ಜೀನುಗಳ ವಿಚಾರ. ವಾಚನಾಲಯದ ಕಪಾಟಿನಲ್ಲಿ ನೂರಾರು ಪುಸ್ತಕಗಳಿದ್ದರೂ ನಾವು ತೆರೆಯುವುದು ಬೇಕಾದುದನ್ನು ಮಾತ್ರ. ಜೀವಕೋಶವೂ ತನ್ನಲ್ಲಿರುವ ಜೀನುಗಳಲ್ಲಿ ಬೇಕಾದುದನ್ನಷ್ಟೇ ಓದಿ ಪ್ರೋಟೀನನ್ನು ತಯಾರಿಸುತ್ತದೆ. ಇದಕ್ಕೆ ಜೀನಿನ ಅಭಿವ್ಯಕ್ತಿಯೆಂದು ಹೆಸರು. ಹಾಗೆ ತಯಾರಾದ ಪ್ರೋಟೀನುಗಳಲ್ಲಿ ಸುದ್ದಿಯನ್ನು ಹಿಡಿದುಕೊಳ್ಳುವವುಗಳೇ ಗ್ರಾಹಕಗಳು.

ಜಪಾನಿನ ತ್ಸುಡಾ, ಇನೂಯೆ ಮೊದಲಾದ ವಿಜ್ಞಾನಿಗಳು ಇಲಿಗಳನ್ನು ಪರೀಕ್ಷಿಸಿ 2003ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ನರಕ್ಕೆ ಗಾಯವಾದ ಬಳಿಕ ಬೆನ್ನುಹುರಿಯ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಲ್ಲಿ ಪಿ2ಎಕ್ಸ್4 ಎಂಬ ಗ್ರಾಹಕವು ಬಹಳ ಹೆಚ್ಚುತ್ತದೆ. ಅದನ್ನು ತಡೆದರೆ ಸ್ಪರ್ಶದ ನೋವು ಇಳಿಯುತ್ತದೆ. ಈ ಕೋಶಗಳು ಹೊರಬಿಡುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನು ನಾವು ಹೇಳಿದ ಕಟ್ಟವನ್ನು ಸಡಿಲಿಸುತ್ತದೆಂದು 2005ರಲ್ಲಿ ತಿಳಿದುಬಂತು. ಗಾಯವು ಕೈಯಲ್ಲಾದರೂ ಪುಸ್ತಕ ತೆರೆದುದು ಬೆನ್ನುಹುರಿಯಲ್ಲಿ!

ಇಲಿಗಳಲ್ಲಿ ಕಂಡುದೆಲ್ಲವೂ ಮನುಷ್ಯರಿಗೆ ಹಾಗೆಯೇ ಒಪ್ಪುವುದೆನ್ನಲಾಗದು. ಆದರೆ ಇಂಥ ನೋವು ಸುಳ್ಳಲ್ಲವೆಂಬುದು ಸ್ಪಷ್ಟ. ಆದುದರಿಂದ ತಂದೆತಾಯಂದಿರಲ್ಲಿ ನಮ್ಮ ವಿನಂತಿಯಿಷ್ಟೆ: ಗಾಯ ಮಾಯಿದ ಮೇಲೂ ಮಗು ನೋವೆಂದರೆ ಗದರಿಸದೆ ವೈದ್ಯರಿಗೆ ತೋರಿಸಿರಿ, ನರದ ನೋವಿಗೆ ಬೇರೆಯೇ ಔಷಧಗಳಿವೆ. ಸರ್ಪಸುತ್ತಿನ ಗುಳ್ಳೆಯೆದ್ದರೆ ಮೂರು ದಿನಗಳೊಳಗೆ ವೈದ್ಯರಲ್ಲಿಗೆ ಹೋಗುವುದು ಒಳಿತು.

ವಿದ್ಯಾರ್ಥಿಗಳೇ, ಕಣ್ಣಿಗೆ ಕಾಣದುದೆಲ್ಲವೂ ಇಲ್ಲದುದಲ್ಲ. ಆ ಹುಡುಗನಲ್ಲಿ ನಾವು ತರಗತಿಯೆದುರಿಗೇ ಕ್ಷಮೆ ಕೇಳಿದೆವು.