ಶಿಲಾಯುಗದವರ ಕಲ್ಲಿನ ಕೆಲಸ

ಲೋಹವನ್ನರಿಯದ ಪುರಾತನ ಜನರು ಕೈಗೆ ಸಿಕ್ಕ ಕಲ್ಲನ್ನೆಲ್ಲ ಒಡೆದು ಆಯುಧ ಮಾಡಿಕೊಂಡರೆಂದು ಹಲವರು ಭಾವಿಸುವರು. ಇದು ಸರಿಯಲ್ಲ. ಕಲ್ಲಿನ ಗುಣವರಿತು ಆರಿಸುವುದೇ ಅವರ ಮೊದಲನೆಯ ವಿದ್ಯೆಯಾಗಿತ್ತು.

ಬಿಳಿಗಲ್ಲಿನ, ಎಂದರೆ ಗ್ರಾನೈಟಿನ, ಕಣಗಳು ದಪ್ಪವಾದವು. ಪೆಟ್ಟು ಬಿದ್ದರೆ ಅದು ಅಂಕುಡೊಂಕಾಗಿ ಒಡೆಯುವುದು. ಕಣ ನಯವಾಗಿ ಒತ್ತಾಗಿರುವ ಕ್ವಾರ್ಟ್ಸೈಟಿನಂತಹ ಕಲ್ಲಾದರೋ ಚಕ್ಕೆಚಕ್ಕೆಯಾಗಿ ಸೀಳಿ, ಅಂಚು ಹರಿತವಾಗುವುದು. ಚನ್ನಗಿರಿ, ಹೊನ್ನಾಳಿ ಸೀಮೆಯಲ್ಲಿ ಧಾರವಾಡ ಶಿಲಾವರ್ಗದ ಕಲ್ಲುಗಳು ಹರಡಿವೆ. ನ್ಯಾಮತಿಯ ಸಮೀಪದಲ್ಲಿ ಹಳೆಯ ಶಿಲಾಯುಗದ ಆಯುಧಗಳು ದೊರೆತಿರುವುವು.

ಕಲ್ಲು ದೊರೆಯುವ ಎಡೆಯಲ್ಲಿಯೇ ಕೆಲಸ ನಡೆಯುತ್ತಿತ್ತೆಂಬುದಕ್ಕೆ ಯಾದಗಿರಿ ಜಿಲ್ಲೆಯ ಇಸಾಂಪುರವು ಸಾಕ್ಷಿ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು 1997ರಿಂದ ಉತ್ಖನನ ನಡೆಸಿದರು. ನೆಲದಲ್ಲಿ ತಾನಾಗಿ ಬಿರುಕುಬಿಟ್ಟಿದ್ದ ಗಟ್ಟಿ ಸುಣ್ಣಗಲ್ಲಿನ ಹಾಸುಗಳನ್ನು ಆ ಜನರು ಎಬ್ಬಿ ತೆಗೆದು, ಉಂಡೆಗಲ್ಲುಗಳನ್ನೇ ಸುತ್ತಿಗೆಯಾಗಿ ಹಿಡಿದು, ಕೈಗೊಡಲಿಗಳನ್ನು ತಯಾರಿಸಿದರು. ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಆ ನೆಲೆಯ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ಗಣಿಸಲಾಗಿದೆ.

ನೂತನ ಶಿಲಾಯುಗದಲ್ಲಿ ಈ ಕೈಗೆಲಸವು ಮತ್ತಷ್ಟು ನಯವಾಯಿತು. ಜಗಳೂರಿಗೆ ಈಶಾನ್ಯದಲ್ಲಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವ್ಹೀಲರರು 1947ರಲ್ಲಿ ಅಗೆಯಿಸಿದಾಗ ಉಜ್ಜಿ ನಯಗೊಳಿಸಿದ ಕಲ್ಗೊಡಲಿಗಳು ದೊರೆತುವು. ಇವನ್ನು ಮಾಡುವ ಬಗೆಯನ್ನು ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಚೆನ್ನಾಗಿ ಅರಿಯಬಹುದು. ಅಲ್ಲಿಯ ಬೆಟ್ಟದಲ್ಲಿ ಗ್ರಾನೈಟನ್ನು ಸೀಳಿಕೊಂಡು ಕರಿಯ ಡಾಲರೈಟ್ ಶಿಲೆಯ ಪಟ್ಟೆಯೊಂದು ಹಾದುಹೋಗಿದೆ. ಮೊದಲು ಅದರಿಂದ ತುಂಡನ್ನು ಬಿಡಿಸುವರು. ಎರಡನೆಯದಾಗಿ ಚಕ್ಕೆಯೆಬ್ಬಿಸಿ ಕೊಡಲಿಯ ರೂಪ ಕೊಡುವರು. ಮೂರನೆಯದಾಗಿ ಸಣ್ಣ ಪೆಟ್ಟುಗಳಿಂದ ಉಬ್ಬುತಗ್ಗುಗಳನ್ನು ಸಮಮಾಡುವರು. ಕಡೆಗೆ ಬಂಡೆಯ ಮೇಲೆ ಉಜ್ಜಿ ಅಲಗನ್ನು ಹರಿತಗೊಳಿಸುವರು. ಹೀಗೆ ಉಜ್ಜಿದುದರಿಂದಾದ ಗುಳಿಗಳು ಅಲ್ಲಿಯ ಗ್ರಾನೈಟ್ ಬಂಡೆಗಳ ಮೇಲೆ ಕಾಣುವುವು. ಅಲಗಿಗೆ ಒದಗದ ಕಲ್ಲು ಸಾಣೆಗೆ ಒದಗಿತು!

ಉಪಯುಕ್ತವಾದ ಕೊಡಲಿಯನ್ನು ಜನರು ಕೊಂಡೊಯ್ದರು. ಒಡೆದ ಚಕ್ಕೆಗಳೂ ಕೆಟ್ಟುಹೋದ ತುಂಡುಗಳೂ ಸ್ಥಳದಲ್ಲಿಯೇ ಉಳಿದುವು. ಕೆಲಸದ ಕ್ರಮವನ್ನು ನಮಗೆ ತಿಳಿಸುವುದು ಈ ಕಸವೇ. ಆದರೆ ಇತ್ತೀಚಿನ ಕಾಲದಲ್ಲಿ ಕಲ್ಲುಗಣಿಗಾರಿಕೆಯಿಂದ ಸಂಗನಕಲ್ಲಿನ ಬೆಟ್ಟಗಳಿಗೇ ಹಾನಿ ತಟ್ಟಿದೆ. ಒಮ್ಮೆ ಪುಡಿಯಾದ ನೆಲೆಯನ್ನು ಯಾವ ವಿದ್ವಾಂಸನೂ ಮರಳಿ ಕಟ್ಟಲಾರನು.

ಆದುದರಿಂದ ವಿದ್ಯಾರ್ಥಿನಿಯರೇ, ನಿಮ್ಮೂರ ಹೊಲದಲ್ಲಾಗಲಿ ಹಳ್ಳದ ದಡದಲ್ಲಾಗಲಿ ಮನುಷ್ಯನ ಕೈಯಿಂದ ರೂಪುಗೊಂಡಂತೆ ತೋರುವ ಕಲ್ಲು ಕಂಡರೆ, ಅದನ್ನು ಎತ್ತಿ ತರಬೇಡಿರಿ. ಕಂಡ ಸ್ಥಳವನ್ನು ಬರೆದಿಟ್ಟು, ಚಿತ್ರ ತೆಗೆದು, ಉಪಾಧ್ಯಾಯಿನಿಯರ ಮೂಲಕ ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ತನ್ನ ಸ್ಥಳದಲ್ಲಿರುವ ಕಲ್ಲು ಚರಿತ್ರೆಯನ್ನು ಹೇಳುವುದು. ಸ್ಥಳ ತಪ್ಪಿದ ಕಲ್ಲು ಮೂಕವಾಗುವುದು.