ಮತವೂ ಓಟೂ
ಪಾಠಭಾಗ: ಮತ್ತಾಯ 22:15–22

ಪ್ರಿಯರೇ, ನಮ್ಮ ಭಾಷೆಯಲ್ಲಿ ಮತವೆಂಬ ಶಬ್ದವು ಧರ್ಮಕ್ಕೂ ಓಟಿಗೂ ಸಲ್ಲುತ್ತದೆ. ಆದಾಗ್ಯೂ ಅವೆರಡೂ ಒಂದಲ್ಲ. ಕೈಸರನ ನಾಣ್ಯವನ್ನು ತೋರಿಸಿ ಕರ್ತನು ಇದನ್ನೇ ಕಲಿಸಿದನು.

ಅಮೇರಿಕದಲ್ಲಿ 2016, 2020, 2024ನೆಯ ಇಸವಿಗಳ ಅಧ್ಯಕ್ಷ ಚುನಾವಣೆಗಳಲ್ಲಿ ಸುವಾರ್ತಾ ಸಭೆಗಳ ಬಿಳಿಯರೊಳಗೆ ಹತ್ತರಲ್ಲಿ ಸುಮಾರು ಎಂಟು ಮಂದಿ ಟ್ರಂಪರಿಗೆ ಓಟು ಕೊಟ್ಟರು. ಅದೇ ಸತ್ಯವೇದವನ್ನೋದುವ ಕರಿಯ ಪ್ರೊಟೆಸ್ಟಂಟರಲ್ಲಿ ಬಹುಮಂದಿ ಎದುರು ಪಕ್ಷಕ್ಕೆ ಕೊಟ್ಟರು. ಆದದರಿಂದ ಸಭೆಯು ಒಂದೇ ಪಕ್ಷದ ಸ್ವತ್ತೆಂದು ಹೇಳಲಾಗದು.

ನಮ್ಮ ದೇಶದಲ್ಲಿ 1951ನೆಯ ಇಸವಿಯ ಜನಪ್ರಾತಿನಿಧ್ಯ ಕಾಯಿದೆಯು ಅಭ್ಯರ್ಥಿಯು ಧರ್ಮದ ಹೆಸರಿನಲ್ಲಿ ಓಟು ಕೇಳುವದನ್ನು ನಿಷೇಧಿಸುತ್ತದೆ. ಹೀಗಿರಲು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳಲ್ಲಿ ಉಪದೇಶಿಗಳಾದ ನಾವಾಗಲಿ ಹಿರಿಯರಾಗಲಿ ಸಭೆಯ ಓಟುಗಳನ್ನು ಒಂದೇ ಗಂಟುಕಟ್ಟಿ ಯಾರಿಗೂ ಮಾತುಕೊಡಬಾರದು. ಹೊಗೆಸೊಪ್ಪಿನ ಹೊಲದ ಕೂಲಿಯವಳ ಓಟೂ ಹಿರಿಯನ ಓಟೂ ತೂಕದಲ್ಲಿ ಒಂದೇ. ತನ್ನ ಓಟಿಗೆ ಅವಳೇ ದೇವರ ಮುಂದೆ ಉತ್ತರವಾದಿ.